ವಜಾ ಪತ್ರದ ರಾಜಕೀಯ: ಅಮೆರಿಕದ ಕಮ್ಯುನಿಸ್ಟ್ ಭಯ ಕೆಲಸ ಮಾಡಿದ್ದು ಹೇಗೆ?

1940ರ ದಶಕದಲ್ಲಿ ಡೊರೊತಿ ಬೇಲಿ ವಾಷಿಂಗ್ಟನ್‌ನಲ್ಲಿ ಸರ್ಕಾರಿ ನೌಕರಿಯಲ್ಲಿದ್ದರು. ನಮ್ಮ ಉದ್ಯೋಗ ವಿನಿಮಯ ಕಚೇರಿಯಂಥ ಇಲಾಖೆ. ಜೊತೆಗೆ ತಮ್ಮ ನೌಕರರ ಸಂಘದ ಸ್ಥಳೀಯ ಶಾಖೆಗೆ ಅಧ್ಯಕ್ಷೆಯೂ ಆಗಿದ್ದರು. ಅವರು ಕಮ್ಯುನಿಸ್ಟ್ ಎಂದು ಯಾರೋ ದೂರು ಕೊಟ್ಟರು. ವಿಚಾರಣೆ ನಡೆಯಿತು. ಬೇಲಿ ಪ್ರಮಾಣ ಮಾಡಿ ನಿರಾಕರಿಸಿದರು, ತಮ್ಮ ಪರ ಸಾಕ್ಷಿಗಳನ್ನೂ ತಂದರು. ಅವರ ವಿರುದ್ಧ ಒಬ್ಬನೇ ಒಬ್ಬ ಸಾಕ್ಷಿ ಬಂದು ಕೂರಲಿಲ್ಲ. ದೂರು ಕೊಟ್ಟವರು ಯಾರು ಎಂದು ಅವರ ವಕೀಲರು ಕೇಳಿದಾಗ ನೌಕರರ ನಿಷ್ಠೆ ಪರೀಕ್ಷಿಸುವ ಮಂಡಳಿಯ ಅಧ್ಯಕ್ಷ ಸೇತ್ ರಿಚರ್ಡ್‌ಸನ್, ಅದು ತನಗೂ ಗೊತ್ತಿಲ್ಲ ಎಂದರು. ಸುಮ್ನೆ ತಮಾಷೆಗೆ ಹೇಳಿದ ಮಾತಲ್ಲ ಅದು. ನಿಜಕ್ಕೂ ಗೊತ್ತಿರಲಿಲ್ಲ. ಎಫ್‌ಬಿಐ ತನ್ನ ಬಾತ್ಮೀದಾರರ ಹೆಸರನ್ನು ತೀರ್ಪು ಕೊಡುವವರಿಗೂ ಹೇಳುತ್ತಿರಲಿಲ್ಲ.

ಬೇಲಿಗೆ ಕೇಳಿದ ಪ್ರಶ್ನೆಗಳಲ್ಲಿ ಒಂದು ಹೀಗಿತ್ತು: ರಕ್ತವನ್ನು ಬಿಳಿಯರದ್ದು, ಕರಿಯರದ್ದು ಎಂದು ಬೇರೆ ಬೇರೆ ಇಡುವುದರ ಬಗ್ಗೆ ನೀವು ರೆಡ್ ಕ್ರಾಸ್‌ಗೆ ಪತ್ರ ಬರೆದಿದ್ದೀರಾ? ಆ ಕಾಲದಲ್ಲಿ ರೆಡ್ ಕ್ರಾಸ್ ಹಾಗೆಯೇ ರಕ್ತ ಬೇರ್ಪಡಿಸುತ್ತಿತ್ತು. ಅದನ್ನು ಪ್ರಶ್ನಿಸಿದವರು ಕಮ್ಯುನಿಸ್ಟ್ ಇರಬಹುದು ಎನ್ನುವುದು ಮಂಡಳಿಯ ಲೆಕ್ಕ. ಕೊನೆಗೆ ಬೇಲಿ ಕೆಲಸ ಕಳೆದುಕೊಂಡರು. ಅವರು ಕೋರ್ಟಿಗೆ ಹೋದರು. ಸರ್ಕಾರಿ ನೌಕರಿ ಯಾರ ಹಕ್ಕೂ ಅಲ್ಲ, ಆದ್ದರಿಂದ ಅದನ್ನು ಕಿತ್ತುಕೊಳ್ಳುವಾಗ ಪೂರ್ತಿ ನ್ಯಾಯ ವಿಚಾರಣೆ ಬೇಕಿಲ್ಲ ಎಂದು ಮೇಲ್ಮನವಿ ಕೋರ್ಟ್ 1950ರಲ್ಲಿ ಹೇಳಿತು. 1951ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳು 4–4 ಎಂದು ಎರಡು ಪಾಲಾದರು. ಹಾಗಾಗಿ ಕೆಳಗಿನ ತೀರ್ಪೇ ಉಳಿಯಿತು.

ಆ ಕಾಲಕ್ಕೆ ನಾವು ಸಾಮಾನ್ಯವಾಗಿ ಕೊಡುವ ಹೆಸರು ಮೆಕಾರ್ಥಿಸಂ. ಸೆನೆಟರ್ ಜೋಸೆಫ್ ಮೆಕಾರ್ಥಿ ಎಂಬ ಒಬ್ಬ ಅರಚಾಟದ ಮನುಷ್ಯ ದೇಶವನ್ನು ಹುಚ್ಚು ಹಿಡಿಸಿದ, ಕೊನೆಗೆ ಟಿವಿಯಲ್ಲಿ ಮಾನ ಕಳೆದುಕೊಂಡ, ದೇಶ ಮತ್ತೆ ಸರಿಹೋಯಿತು ಎನ್ನುವ ಕಥೆ ನಮಗೆ ಗೊತ್ತಿದೆ. ಕೇಳಲು ಚೆನ್ನಾಗಿದೆ, ಆದರೆ ತಾರೀಖುಗಳು ಒಪ್ಪುವುದಿಲ್ಲ. ಮೆಕಾರ್ಥಿ ವೆಸ್ಟ್ ವರ್ಜೀನಿಯಾದ ವೀಲಿಂಗ್‌ನಲ್ಲಿ ತಮ್ಮ ಕುಖ್ಯಾತ ಭಾಷಣ ಮಾಡಿದ್ದು 1950ರ ಫೆಬ್ರವರಿ 9ರಂದು. ಅಷ್ಟರಲ್ಲಿ ಬೇಲಿಯ ಕೆಲಸ ಹೋಗಿಯಾಗಿತ್ತು. ಆ ಯಂತ್ರವನ್ನು ಕಟ್ಟಿದವರು ಡೆಮಾಕ್ರಟಿಕ್ ಪಕ್ಷದಿಂದ ಅಮೆರಿಕದ ಅಧ್ಯಕ್ಷರಾಗಿದ್ದ ಹ್ಯಾರಿ ಟ್ರೂಮನ್. 1947ರ ಮಾರ್ಚ್‌ನಲ್ಲಿ ಅವರು 9835ನೇ ಕಾರ್ಯಾಂಗ ಆದೇಶಕ್ಕೆ ಸಹಿ ಹಾಕಿದರು. ಪ್ರತಿ ಕೇಂದ್ರ ಸರ್ಕಾರಿ ನೌಕರನ ನಿಷ್ಠೆಯನ್ನೂ ಪರೀಕ್ಷಿಸಬೇಕು ಎನ್ನುವುದು ಅದರ ತಿರುಳು.

ಟ್ರೂಮನ್ ಯಾಕೆ ಹಾಗೆ ಮಾಡಿದರು? 1946ರ ನವೆಂಬರ್ ಚುನಾವಣೆಯಲ್ಲಿ ರಿಪಬ್ಲಿಕನ್ನರು ಸಂಸತ್ತಿನ ಎರಡೂ ಮನೆಗಳನ್ನು ಗೆದ್ದಿದ್ದರು. ಡೆಮಾಕ್ರಟರು ಕಮ್ಯುನಿಸ್ಟರ ಬಗ್ಗೆ ಮೆತ್ತಗಿದ್ದಾರೆ ಎನ್ನುವುದು ಆ ಪ್ರಚಾರದ ಒಂದು ಮುಖ್ಯ ಆರೋಪ. ಎದುರಾಳಿ ಮಾಡುವ ಮೊದಲು ನಾವೇ ಮಾಡಿಬಿಟ್ಟರೆ ಅವರ ಬಾಯಿ ಮುಚ್ಚಬಹುದು ಅಂತ ಟ್ರೂಮನ್ ಅಂದುಕೊಂಡರು. ಇದು ಎಲ್ಲ ದೇಶದ ನಡುಪಂಥೀಯರೂ ಹಾಕುವ ಲೆಕ್ಕ. ಬಾಯಿ ಮುಚ್ಚಲಿಲ್ಲ. ಸರ್ಕಾರವೇ ಲಕ್ಷಾಂತರ ಜನರ ನಿಷ್ಠೆ ಪರೀಕ್ಷಿಸುತ್ತಿದೆ ಎಂದರೆ ಒಳಗೆ ಏನೋ ಇರಲೇಬೇಕು ಎಂದು ಜನ ಅಂದುಕೊಂಡರು. 1947ರಿಂದ 1956ರವರೆಗೆ 50 ಲಕ್ಷಕ್ಕೂ ಜಾಸ್ತಿ ನೌಕರರ ಪರಿಶೀಲನೆ ನಡೆಯಿತು. ಅಂದಾಜು 2,700 ಜನ ವಜಾ ಆದರು, 12,000 ಜನ ತಾವೇ ರಾಜೀನಾಮೆ ಕೊಟ್ಟು ಹೋದರು. ಎರಡನೇ ಸಂಖ್ಯೆ ಮೊದಲನೆಯದರ ನಾಲ್ಕು ಪಟ್ಟಿಗೂ ಹೆಚ್ಚು. ನೋಟಿಸ್ ಬರುವ ಮೊದಲೇ, ಅಥವಾ ಬಂದ ಕೂಡಲೇ, ಮಾನ ಉಳಿದರೆ ಸಾಕು ಎಂದು ಜಾಗ ಖಾಲಿ ಮಾಡಿದವರು ಅವರಲ್ಲಿ ಬಹಳ.

ಭಯಕ್ಕೆ ಕಾರಣವೇ ಇರಲಿಲ್ಲವೇ? ಇತ್ತು. ಇದನ್ನು ಎಡಪಂಥೀಯ ಗೆಳೆಯರು ಬೇಗ ದಾಟಿಬಿಡುತ್ತಾರೆ, ದಾಟಬಾರದು. 1949ರ ಆಗಸ್ಟ್ 29ರಂದು ಸೋವಿಯತ್ ಒಕ್ಕೂಟ ಅಣುಬಾಂಬ್ ಸಿಡಿಸಿತು. ಅಕ್ಟೋಬರ್ 1ಕ್ಕೆ ಚೀನಾದಲ್ಲಿ ಮಾವೋ ಅಧಿಕಾರಕ್ಕೆ ಬಂದರು. 1950ರ ಫೆಬ್ರವರಿಯಲ್ಲಿ, ಅಣುಬಾಂಬ್ ಯೋಜನೆಯಲ್ಲಿ ದುಡಿದಿದ್ದ ವಿಜ್ಞಾನಿ ಕ್ಲಾಸ್ ಫುಕ್ಸ್ ಬ್ರಿಟನ್ನಿನಲ್ಲಿ ಸಿಕ್ಕಿಬಿದ್ದರು; ರಹಸ್ಯಗಳನ್ನು ಮಾಸ್ಕೋಗೆ ಕೊಟ್ಟದ್ದನ್ನು ಒಪ್ಪಿಕೊಂಡರು. ಜೂನ್ 25ಕ್ಕೆ ಕೊರಿಯಾ ಯುದ್ಧ ಶುರುವಾಯಿತು. ಹತ್ತೇ ತಿಂಗಳಲ್ಲಿ ಇಷ್ಟು! ಸೋವಿಯತ್ ಸಂದೇಶಗಳ ಗುಪ್ತಲಿಪಿಯನ್ನು ಬಿಡಿಸಿದ ವೆನೋನಾ ಕಡತಗಳನ್ನು 1995ರಲ್ಲಿ ಬಿಡುಗಡೆ ಮಾಡಿದರು. 1940ರ ದಶಕದಲ್ಲಿ ಅಮೆರಿಕದ ಸರ್ಕಾರದೊಳಗೆ ಸೋವಿಯತ್ ಗೂಢಚಾರರು ಇದ್ದದ್ದು ನಿಜ ಎನ್ನುವುದು ಅದರಿಂದ ಖಚಿತವಾಯಿತು. 1953ರ ಜೂನ್ 19ರಂದು ವಿದ್ಯುತ್ ಕುರ್ಚಿಗೆ ಏರಿಸಿದ ರೋಸೆನ್‌ಬರ್ಗ್ ದಂಪತಿಯಲ್ಲಿ ಗಂಡ ಜೂಲಿಯಸ್ ಬೇಹುಗಾರಿಕೆ ಮಾಡಿದ್ದ. ಹೆಂಡತಿ ಎಥೆಲ್ ವಿರುದ್ಧ ಇದ್ದ ಪುರಾವೆ ಮಾತ್ರ ತೀರಾ ತೆಳುವಾಗಿತ್ತು.

ಆದರೆ ಆ ಗೂಢಚಾರರು ಸಿಕ್ಕಿದ್ದು ಹೇಗೆ ನೋಡಿ. ಗುಪ್ತಲಿಪಿ ಬಿಡಿಸಿದ ಗಣಿತಜ್ಞರಿಂದ ಸಿಕ್ಕರು. ಸೋವಿಯತ್ ಬೇಹುಗಾರಿಕೆ ಬಿಟ್ಟು 1945ರಲ್ಲೇ ಎಫ್‌ಬಿಐ ಬಳಿ ಬಂದ ಎಲಿಜಬೆತ್ ಬೆಂಟ್ಲಿ, ಕೆನಡಾದ ಸೋವಿಯತ್ ರಾಯಭಾರ ಕಚೇರಿಯಿಂದ ಓಡಿಬಂದ ಗುಮಾಸ್ತ ಇಗೋರ್ ಗೌಜೆಂಕೊ ಅಂಥವರ ಬಾಯಿಂದ ಸಿಕ್ಕರು. ಅಂದರೆ ಬೇಹುಗಾರಿಕೆಯ ಜಾಲ ಹರಿಯತೊಡಗಿದ್ದು ನಿಷ್ಠಾ ಪರೀಕ್ಷೆ ಶುರುವಾಗುವ ಮೊದಲೇ. ರೆಡ್ ಕ್ರಾಸ್‌ಗೆ ಪತ್ರ ಬರೆದಿದ್ದೀರಾ, ಮನೆಯಲ್ಲಿ ಯಾವ ಪುಸ್ತಕ ಇಟ್ಟಿದ್ದೀರಿ ಎಂದು ಕೇಳುವವರ ಮುಂದೆ ನಿಜವಾದ ಗೂಢಚಾರ ಬಂದು ಕೂತರೆ ಏನು ಹೇಳುತ್ತಾನೆ? ಅವನು ಪಕ್ಷದ ಕಾರ್ಡನ್ನೇ ಇಟ್ಟುಕೊಂಡಿರುವುದಿಲ್ಲ, ಅಲ್ವಾ? ಈ ಬಲೆಗೆ ಬಿದ್ದದ್ದು ಬಹಿರಂಗವಾಗಿ ಏನಾದರೂ ಮಾಡಿದವರು. ಸಂಘ ಕಟ್ಟಿದವರು, ಸಹಿ ಹಾಕಿದವರು, ಚಂದಾ ಕೊಟ್ಟವರು.

ಬಲೆಯ ಒಂದು ಮುಖ್ಯ ಗಂಟು ಅಟಾರ್ನಿ ಜನರಲ್ ಅವರ ಪಟ್ಟಿ. ಯಾವ ಯಾವ ಸಂಘಟನೆಗಳು ದೇಶಕ್ಕೆ ಅಪಾಯಕಾರಿ ಎಂದು ಸರ್ಕಾರ ಒಂದು ಪಟ್ಟಿ ಮಾಡಿ 1947ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಆ ಸಂಘಟನೆಗಳನ್ನು ಮೊದಲು ಕರೆದು ವಿಚಾರಿಸಿದ್ದೇ ಇಲ್ಲ. ಸೇರಿದವರಲ್ಲಿ ಬಹುತೇಕರು ಸೇರಿದ್ದು 1930ರ ದಶಕದಲ್ಲಿ. ಆಗ ಮಹಾ ಆರ್ಥಿಕ ಕುಸಿತ. ಕೋಟ್ಯಂತರ ಜನರಿಗೆ ಕೆಲಸವಿಲ್ಲ. ಸ್ಪೇನಿನಲ್ಲಿ ಫ್ರಾಂಕೋ ವಿರುದ್ಧ ಯುದ್ಧ. ದಕ್ಷಿಣದ ರಾಜ್ಯಗಳಲ್ಲಿ ಕರಿಯರನ್ನು ಗುಂಪು ಸೇರಿ ಕೊಲ್ಲುತ್ತಿದ್ದ ಕಾಲ. ಇವುಗಳ ಬಗ್ಗೆ ಜೋರಾಗಿ ಮಾತಾಡುತ್ತಿದ್ದವರಲ್ಲಿ ಕಮ್ಯುನಿಸ್ಟರು ಮುಂದಿದ್ದರು. ಅದಕ್ಕೆ ಮನಸೋತು ಯುವಕರು ಸಭೆಗೆ ಹೋದರು, ಒಂದೆರಡು ವರ್ಷ ಇದ್ದರು, ಸ್ಟಾಲಿನ್ ಹಿಟ್ಲರ್ ಜೊತೆ 1939ರಲ್ಲಿ ಒಪ್ಪಂದ ಮಾಡಿಕೊಂಡಾಗ ಬೇಸತ್ತು ಬಿಟ್ಟರು. ಹತ್ತು ವರ್ಷದ ಮೇಲೆ, ಮಕ್ಕಳು ಮನೆ ಸಾಲ ಎಲ್ಲ ಆದ ಮೇಲೆ, ಆ ಹಳೆಯ ಸಭೆಯ ಹಾಜರಿ ಪುಸ್ತಕ ಎದುರಿಗೆ ಬಂತು. ಪಕ್ಷ ಕಾನೂನುಬದ್ಧವಾಗಿದ್ದ ಕಾಲದಲ್ಲಿ ಮಾಡಿದ್ದೇ ಈಗ ತಪ್ಪಾಯಿತು.

ನಿಯಮವೂ ಮೆಲ್ಲಗೆ ಬಿಗಿಯಾಗುತ್ತಾ ಹೋಯಿತು. 1947ರಲ್ಲಿ ನೌಕರ ನಿಷ್ಠನಲ್ಲ ಎಂದು ನಂಬಲು ಸಕಾರಣ ಬೇಕಿತ್ತು. 1951ರಲ್ಲಿ ನಿಷ್ಠೆಯ ಬಗ್ಗೆ ಅನುಮಾನ ಬಂದರೂ ಸಾಕು ಎಂದಾಯಿತು. 1953ರಲ್ಲಿ ಟ್ರೂಮನ್ ನಂತರದ ಅಧ್ಯಕ್ಷ ಐಸೆನ್‌ಹೋವರ್ ಹೊರಡಿಸಿದ 10450ನೇ ಆದೇಶ ಅದನ್ನೂ ದಾಟಿತು. ನಿಷ್ಠೆಯ ಮಾತು ಹಿಂದೆ ಸರಿದು ಭದ್ರತೆಗೆ ಅಪಾಯ ಎನ್ನುವ ಅಳತೆ ಬಂತು. ಅದರಲ್ಲಿ ಕುಡಿತವೂ ಸೇರಿತು, ಸಲಿಂಗಕಾಮವೂ ಸೇರಿತು. ಸಾವಿರಾರು ಸಲಿಂಗಿ ನೌಕರರು ಹೀಗೆ ಹೋದರು. ಸೇನೆಯ ನಕಾಶೆ ವಿಭಾಗದಲ್ಲಿದ್ದ ಖಗೋಳ ವಿಜ್ಞಾನಿ ಫ್ರಾಂಕ್ ಕ್ಯಾಮೆನಿ 1957ರಲ್ಲಿ ಕೆಲಸ ಕಳೆದುಕೊಂಡರು. ಸರ್ಕಾರ ಅವರ ಕ್ಷಮೆ ಕೇಳಿದ್ದು 2009ರಲ್ಲಿ.

ಇಲ್ಲಿಯವರೆಗಿನದು ಸರ್ಕಾರದ ಕಥೆ. ಯಂತ್ರದ ನಿಜವಾದ ಬಲ ಸರ್ಕಾರದ ಹೊರಗಿತ್ತು. ಅದನ್ನು ನೋಡಲು ಹಾಲಿವುಡ್‌ಗಿಂತ ಒಳ್ಳೆಯ ಜಾಗ ಇಲ್ಲ.

1947ರ ಅಕ್ಟೋಬರ್‌ನಲ್ಲಿ ಸಂಸತ್ತಿನ ಕೆಳಮನೆಯ ಅಮೆರಿಕ-ವಿರೋಧಿ ಚಟುವಟಿಕೆಗಳ ಸಮಿತಿ ಸಿನಿಮಾ ಮಂದಿಯನ್ನು ಕರೆಸಿತು. ಕೇಳಿದ ಪ್ರಶ್ನೆ ಈಗಲೂ ಪ್ರಸಿದ್ಧ: ನೀವು ಈಗ ಕಮ್ಯುನಿಸ್ಟ್ ಪಕ್ಷದ ಸದಸ್ಯರೇ, ಅಥವಾ ಹಿಂದೆ ಎಂದಾದರೂ ಆಗಿದ್ದಿರೇ? ಹತ್ತು ಮಂದಿ ಬರಹಗಾರರು, ನಿರ್ದೇಶಕರು ಉತ್ತರಿಸಲು ಒಪ್ಪಲಿಲ್ಲ. ಸಂವಿಧಾನದ ಮೊದಲ ತಿದ್ದುಪಡಿ ಕೊಟ್ಟ ವಾಕ್ ಸ್ವಾತಂತ್ರ್ಯದ ಪ್ರಕಾರ ನನ್ನ ರಾಜಕೀಯ ಕೇಳುವ ಅಧಿಕಾರ ನಿಮಗಿಲ್ಲ ಎಂದು ವಾದಿಸಿದರು. ಸಂಸತ್ತಿನ ನಿಂದನೆಯ ಆರೋಪ ಬಿತ್ತು. 1950ರಲ್ಲಿ ಆರು ತಿಂಗಳಿಂದ ಒಂದು ವರ್ಷದವರೆಗೆ ಶಿಕ್ಷೆಯಾಗಿ ಜೈಲಿಗೆ ಹೋದರು. ಅವರನ್ನು ವಿಚಾರಿಸಿದ್ದ ಸಮಿತಿಯ ಅಧ್ಯಕ್ಷ ಪಾರ್ನೆಲ್ ಥಾಮಸ್ ಅಷ್ಟರಲ್ಲಿ ಕೆಲಸವೇ ಮಾಡದವರ ಹೆಸರಿನಲ್ಲಿ ಸಂಬಳ ಬರೆಸಿಕೊಂಡು ನುಂಗಿದ್ದಕ್ಕೆ ಶಿಕ್ಷೆಗೆ ಒಳಗಾಗಿದ್ದರು. ಡ್ಯಾನ್‌ಬರಿ ಜೈಲಿನಲ್ಲಿ ಅವರಿಗೆ ಸಹ ಕೈದಿಗಳಾಗಿ ಸಿಕ್ಕವರು ಅದೇ ಹತ್ತರಲ್ಲಿ ಇಬ್ಬರು, ಲೆಸ್ಟರ್ ಕೋಲ್ ಮತ್ತು ರಿಂಗ್ ಲಾರ್ಡ್ನರ್ ಜೂನಿಯರ್. ಕಥೆಗಾರರು ಕಟ್ಟಿದ್ದರೆ ನಾವು ನಂಬುತ್ತಿರಲಿಲ್ಲ.

ಆದರೆ ಮುಖ್ಯ ಘಟನೆ ಜೈಲಲ್ಲ. 1947ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಹೋಟೆಲಿನಲ್ಲಿ ಸ್ಟುಡಿಯೋ ಮಾಲೀಕರು ಸಭೆ ಸೇರಿದರು. ಈ ಹತ್ತು ಜನರನ್ನು ಕೆಲಸದಿಂದ ತೆಗೆಯುತ್ತೇವೆ, ಗೊತ್ತಿದ್ದೂ ಯಾವ ಕಮ್ಯುನಿಸ್ಟನನ್ನೂ ನೇಮಿಸುವುದಿಲ್ಲ ಎಂದು ಹೇಳಿಕೆ ಕೊಟ್ಟರು. ಹಾಗೆ ಮಾಡಿ ಎಂದು ಯಾವ ಕಾನೂನೂ ಹೇಳಿರಲಿಲ್ಲ. ಹೀಗೆ ಮಾಡಿದರೆ ತಪ್ಪಿಲ್ಲದವರಿಗೂ ಪೆಟ್ಟು ಬೀಳಬಹುದು, ಭಯದ ವಾತಾವರಣ ಹುಟ್ಟಬಹುದು ಎಂದು ಆ ಹೇಳಿಕೆಯಲ್ಲೇ ಒಪ್ಪಿಕೊಂಡಿದ್ದರು. ಗೊತ್ತಿದ್ದೇ ಮಾಡಿದರು. ಟಿಕೆಟ್ ಕೊಳ್ಳುವವರು ಬಹಿಷ್ಕಾರ ಹಾಕಿಯಾರು, ಬ್ಯಾಂಕುಗಳು ಸಾಲ ನಿಲ್ಲಿಸಿಯಾವು ಎನ್ನುವ ಚಿಂತೆ ಅವರದ್ದು. ಸರ್ಕಾರ ಬೆರಳು ತೋರಿಸಿತು, ಪೆಟ್ಟು ಕೊಟ್ಟದ್ದು ಮಾಲೀಕರು. ಈ ಹಂಚಿಕೆಯೇ ಆ ಕಾಲದ ಗುಟ್ಟು. ಸರ್ಕಾರ ಶಿಕ್ಷೆ ಕೊಟ್ಟರೆ ಕೋರ್ಟಿಗೆ ಹೋಗಬಹುದು. ಖಾಸಗಿ ಕಂಪನಿ ನಿಮ್ಮನ್ನು ಮತ್ತೆ ಕರೆಯದಿದ್ದರೆ ಯಾವ ಕೋರ್ಟಿಗೆ ಹೋಗುತ್ತೀರಿ?

1951ರಲ್ಲಿ ಸಮಿತಿ ಮತ್ತೆ ಬಂದಾಗ ಹತ್ತು ಜನರ ಗತಿ ಎಲ್ಲರಿಗೂ ಗೊತ್ತಿತ್ತು. ಈಗ ಕರೆ ಬಂದವರ ಮುಂದೆ ಮೂರು ದಾರಿ. ವಾಕ್ ಸ್ವಾತಂತ್ರ್ಯ ಎಂದರೆ ಜೈಲು. ಐದನೇ ತಿದ್ದುಪಡಿ ಹಿಡಿದರೆ ಜೈಲಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತ ಮಾಡುವಂತಿಲ್ಲ ಎನ್ನುವ ಹಕ್ಕು ಅದು. ನಮ್ಮ ಸಂವಿಧಾನದ 20(3)ನೇ ವಿಧಿಯಲ್ಲೂ ಇದೆ. ಆದರೆ ಅದನ್ನು ಹಿಡಿದವರಿಗೆ ಐದನೇ ತಿದ್ದುಪಡಿಯ ಕಮ್ಯುನಿಸ್ಟ್ ಎಂಬ ಅಡ್ಡಹೆಸರು ಬೀಳುತ್ತಿತ್ತು, ಮರುದಿನ ಕೆಲಸ ಹೋಗುತ್ತಿತ್ತು. ಮೂರನೆಯದು, ಎಲ್ಲ ಒಪ್ಪಿಕೊಂಡು ಜೊತೆಗಿದ್ದವರ ಹೆಸರು ಹೇಳುವುದು. ನನ್ನ ಬಗ್ಗೆ ಏನು ಬೇಕಾದರೂ ಹೇಳುತ್ತೇನೆ, ಬೇರೆಯವರ ಹೆಸರು ಮಾತ್ರ ಕೇಳಬೇಡಿ ಎನ್ನುವ ನಾಲ್ಕನೇ ದಾರಿ ಬಂದ್ ಆಗಿತ್ತು. ತನ್ನ ಬಗ್ಗೆ ಬಾಯಿಬಿಟ್ಟವರು ಆಮೇಲೆ ಐದನೇ ತಿದ್ದುಪಡಿ ಹಿಡಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1951ರಲ್ಲಿ ಹೇಳಿಬಿಟ್ಟಿತ್ತು. ನಾಟಕಕಾರ್ತಿ ಲಿಲಿಯನ್ ಹೆಲ್‌ಮನ್ 1952ರಲ್ಲಿ ಆ ನಾಲ್ಕನೇ ದಾರಿಯನ್ನೇ ಕೇಳಿ ಸಮಿತಿಗೆ ಪತ್ರ ಬರೆದರು. ಈ ವರ್ಷದ ಫ್ಯಾಷನ್ನಿಗೆ ತಕ್ಕಂತೆ ನನ್ನ ಆತ್ಮಸಾಕ್ಷಿಯನ್ನು ಕತ್ತರಿಸಲಾರೆ ಎನ್ನುವುದು ಅವರ ಮಾತು. ಸಮಿತಿ ಒಪ್ಪಲಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹೆಸರುಗಳು ಸಮಿತಿಗೆ ಯಾಕೆ ಬೇಕಿತ್ತು? ಬಹುಪಾಲು ಹೆಸರು ಎಫ್‌ಬಿಐ ಬಳಿ ಮೊದಲೇ ಇದ್ದವು. ಪಕ್ಷದೊಳಗೆ ಅವರ ಬಾತ್ಮೀದಾರರು ತುಂಬಿದ್ದರು. ಒಬ್ಬರ ನಂತರ ಒಬ್ಬರು ಅದೇ ಹಳೆ ಹೆಸರುಗಳನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಮಾಹಿತಿ ಬೇಕಾದದ್ದಕ್ಕೆ ಕೇಳಿದ್ದಲ್ಲ ಎಂದೇ ನನ್ನ ಅನಿಸಿಕೆ. ಗೆಳೆಯನ ಹೆಸರು ಹೇಳಿದ ಮನುಷ್ಯ ಮತ್ತೆ ಆ ಗೆಳೆಯರ ಕಡೆ ಮುಖ ಮಾಡಲಾರ, ಮತ್ತೆ ಸಂಘ ಕಟ್ಟಲಾರ. ಅದು ಬೇಕಾಗಿತ್ತು. ನಟ ಲ್ಯಾರಿ ಪಾರ್ಕ್ಸ್ 1951ರ ಮಾರ್ಚ್‌ನಲ್ಲಿ, ನಾನು ಕೆಸರಲ್ಲಿ ತೆವಳಿ ಚಾಡಿಕೋರನಾಗುವಂತೆ ಮಾಡಬೇಡಿ ಎಂದು ಬೇಡಿಕೊಂಡರು. ಬಾಗಿಲು ಮುಚ್ಚಿದ ವಿಚಾರಣೆಯಲ್ಲಿ ಕೊನೆಗೆ ಹೆಸರು ಹೇಳಿದರು. ಆದರೂ ಅವರ ಸಿನಿಮಾ ಬದುಕು ಮುಗಿಯಿತು. ಹೆಸರು ಹೇಳಿದರೆ ಸಾಲದು, ಹಿಂಜರಿಯದೆ ಹೇಳಬೇಕಿತ್ತು. ಮರು ವರ್ಷ ನಿರ್ದೇಶಕ ಎಲಿಯಾ ಕಜಾನ್ ಎಂಟು ಹೆಸರು ಹೇಳಿದರು. ಹೇಳಿದ್ದೇ ಸರಿ ಎಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಅವರ ಕೆಲಸ ನಡೆಯಿತು.

ಕಪ್ಪುಪಟ್ಟಿಯ ಸುತ್ತ ಒಂದು ವ್ಯಾಪಾರವೂ ಬೆಳೆಯಿತು. ಮೂವರು ಮಾಜಿ ಎಫ್‌ಬಿಐ ಏಜೆಂಟರು ಕಂಪನಿ ತೆಗೆದರು. 1950ರ ಜೂನ್‌ನಲ್ಲಿ ರೇಡಿಯೋ, ಟಿವಿ ಮಂದಿಯ 151 ಹೆಸರುಗಳ ಒಂದು ಪುಸ್ತಿಕೆ ಪ್ರಕಟಿಸಿದರು. ಪ್ರತಿ ಹೆಸರಿನ ಕೆಳಗೆ ಎಲ್ಲಿ ಸಹಿ ಹಾಕಿದ್ದರು, ಯಾವ ಸಭೆಗೆ ಹೋಗಿದ್ದರು ಎನ್ನುವ ವಿವರ. ಇವರು ಕಮ್ಯುನಿಸ್ಟರು ಎಂದು ಎಲ್ಲೂ ಬರೆದಿರಲಿಲ್ಲ. ಬರೆದರೆ ಮಾನನಷ್ಟ ಮೊಕದ್ದಮೆ ಬೀಳುತ್ತದಲ್ಲ. ಜಾಹೀರಾತು ಕೊಡುವ ಕಂಪನಿಗಳು ಆ ಪುಸ್ತಿಕೆ ನೋಡಿ ಕಲಾವಿದರನ್ನು ಬಿಟ್ಟವು. ಎರಡೇ ತಿಂಗಳಲ್ಲಿ ನಟಿ ಜೀನ್ ಮ್ಯೂರ್ ಟಿವಿ ಕಾರ್ಯಕ್ರಮ ಕಳೆದುಕೊಂಡರು. ಆಕೆ ತಪ್ಪು ಮಾಡಿದ್ದಾರೆಂದು ಪ್ರಾಯೋಜಕ ಕಂಪನಿ ಹೇಳಲಿಲ್ಲ. ವಿವಾದ ಬೇಡ ಎಂದಿತು, ಅಷ್ಟೇ. ಇನ್ನೊಬ್ಬ ಜನಪ್ರಿಯ ಟಿವಿ ನಟ ಫಿಲಿಪ್ ಲೋಬ್ ಹೀಗೆ ಕೆಲಸ ಕಳೆದುಕೊಂಡು 1955ರಲ್ಲಿ ಹೋಟೆಲ್ ಕೋಣೆಯಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಬರಹಗಾರರಿಗೆ ಮಾತ್ರ ಒಂದು ಕಿಂಡಿ ಇತ್ತು: ಮುಖ ತೋರಿಸಬೇಕಿಲ್ಲ. ಹತ್ತರಲ್ಲಿ ಒಬ್ಬರಾದ ಡಾಲ್ಟನ್ ಟ್ರಂಬೊ ಬೇರೆಯವರ ಹೆಸರಿನಲ್ಲಿ ಬರೆದರು. ಎರಡು ಸಲ ಆಸ್ಕರ್ ಬಂತು. ಒಂದನ್ನು ಗೆಳೆಯನ ಹೆಸರಿಗೆ ಕೊಟ್ಟರು. ಇನ್ನೊಂದು ರಾಬರ್ಟ್ ರಿಚ್ ಎಂಬ ಹೆಸರಿಗೆ ಬಂತು, ತೆಗೆದುಕೊಳ್ಳಲು ಆ ಬರಹಗಾರ ಬರಲೇ ಇಲ್ಲ.

ಸಿನಿಮಾದವರ ಕಥೆ ಜಾಸ್ತಿ ಸದ್ದು ಮಾಡಿತು. ಸದ್ದಿಲ್ಲದೆ ಹೋದವರು ಶಾಲಾ ಮೇಷ್ಟ್ರುಗಳು, ಬಂದರು ಕಾರ್ಮಿಕರು, ಕಾರ್ಖಾನೆಯವರು. 1951ರಿಂದ 1955ರವರೆಗೆ ಎಫ್‌ಬಿಐ ರಾಜ್ಯಪಾಲರಿಗೆ, ವಿಶ್ವವಿದ್ಯಾಲಯಗಳಿಗೆ ಗುಟ್ಟಾಗಿ ಕಡತದ ಮಾಹಿತಿ ದಾಟಿಸುತ್ತಿತ್ತು. ಕೆಲವು ವಾರಗಳಲ್ಲಿ ಒಬ್ಬ ಅಧ್ಯಾಪಕರ ಕೆಲಸ ಹೋಗುತ್ತಿತ್ತು, ಯಾಕೆ ಎನ್ನುವುದು ಅವರಿಗೇ ತಿಳಿಯುತ್ತಿರಲಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ತಾನು ಕಮ್ಯುನಿಸ್ಟ್ ಅಲ್ಲ ಎಂದು ಎಲ್ಲರಿಂದ ಮುಚ್ಚಳಿಕೆ ಕೇಳಿತು. 1950ರಲ್ಲಿ ಬರೆದುಕೊಡದ 31 ಅಧ್ಯಾಪಕರನ್ನು ತೆಗೆಯಿತು. ಅವರ ಮೇಲೆ ಕಮ್ಯುನಿಸ್ಟ್ ಎಂಬ ಆರೋಪವೇ ಇರಲಿಲ್ಲ. ದುಡಿಯುವವರಲ್ಲಿ ಅಂದಾಜು 1.35 ಕೋಟಿ ಜನ, ಅಂದರೆ ಐವರಲ್ಲಿ ಒಬ್ಬರು, ಯಾವುದಾದರೊಂದು ನಿಷ್ಠಾ ಪರೀಕ್ಷೆಗೆ ಒಳಪಟ್ಟಿದ್ದರು ಎಂಬ ಲೆಕ್ಕ ಇದೆ. ಇಂಡಿಯಾನಾ ರಾಜ್ಯ ವೃತ್ತಿಪರ ಕುಸ್ತಿ ಪೈಲ್ವಾನರಿಂದಲೂ ನಿಷ್ಠೆಯ ಪ್ರಮಾಣ ಮಾಡಿಸಿತು. ಸಿನ್ಸಿನಾಟಿ ರೆಡ್ಸ್ ಎಂಬ ಬೇಸ್‌ಬಾಲ್ ತಂಡ ಕೆಲವು ವರ್ಷ ರೆಡ್‌ಲೆಗ್ಸ್ ಎಂದು ಹೆಸರು ಬದಲಿಸಿಕೊಂಡಿತು. ಶ್ರೀಮಂತರಿಂದ ಕಿತ್ತು ಬಡವರಿಗೆ ಕೊಡುವ ರಾಬಿನ್ ಹುಡ್ ಕಥೆ ಪಠ್ಯದಲ್ಲಿ ಬೇಡ, ಅದು ಕಮ್ಯುನಿಸ್ಟರ ಮಾತು ಎಂದು ಇಂಡಿಯಾನಾದ ಪಠ್ಯಪುಸ್ತಕ ಆಯೋಗದ ಸದಸ್ಯೆಯೊಬ್ಬರು 1953ರಲ್ಲಿ ಹೇಳಿದರು. ನಗು ಬರುತ್ತದೆ. ಆಗ ಯಾರೂ ಗಟ್ಟಿಯಾಗಿ ನಗುತ್ತಿರಲಿಲ್ಲ.

ಲಾಭ ಯಾರಿಗಾಯಿತು? 1947ರ ಟಾಫ್ಟ್–ಹಾರ್ಟ್ಲಿ ಕಾಯ್ದೆ ಕಾರ್ಮಿಕ ಸಂಘದ ಪದಾಧಿಕಾರಿಗಳು ಕಮ್ಯುನಿಸ್ಟರಲ್ಲ ಎಂದು ಪ್ರಮಾಣಪತ್ರ ಕೊಡಬೇಕು ಎಂದಿತು. 1949–50ರಲ್ಲಿ ಸಿಐಒ ಎಂಬ ಕಾರ್ಮಿಕ ಒಕ್ಕೂಟ ತನ್ನೊಳಗಿನ 11 ಎಡ ಸಂಘಗಳನ್ನು ತಾನೇ ಹೊರಹಾಕಿತು. ದಕ್ಷಿಣದ ರಾಜ್ಯಗಳಲ್ಲಿ ಕರಿಯರು ಬಿಳಿಯರು ಒಟ್ಟಿಗೆ ಸಂಘ ಕಟ್ಟುವ ಪ್ರಯತ್ನ ಅಲ್ಲಿಗೆ ಸೊರಗಿತು. ಕರಿಯರ ಹಕ್ಕಿಗೆ ದನಿ ಎತ್ತಿದ್ದ ಗಾಯಕ ಪಾಲ್ ರಾಬ್ಸನ್ ಅವರ ಪಾಸ್‌ಪೋರ್ಟ್ 1950ರಲ್ಲಿ ರದ್ದಾಯಿತು, ಮತ್ತೆ ಸಿಕ್ಕಿದ್ದು 1958ರಲ್ಲಿ. ಅದೇ ಹೋರಾಟದ ಹಿರಿಯ ವಿದ್ವಾಂಸ ಡುಬಾಯ್ಸ್ ಅವರನ್ನು 1951ರಲ್ಲಿ, 83ನೇ ವಯಸ್ಸಿನಲ್ಲಿ, ಕಟಕಟೆ ಹತ್ತಿಸಿದರು. ಅವರು ಬಿಡುಗಡೆಯಾದರು, ಆದರೆ ಅವರನ್ನು ಭಾಷಣಕ್ಕೆ ಕರೆಯುವವರು ಕಡಿಮೆಯಾದರು. ಕಮ್ಯುನಿಸ್ಟ್ ಪಕ್ಷ ಅಮೆರಿಕದಲ್ಲಿ ಎಂದೂ ದೊಡ್ಡ ಪಕ್ಷವಾಗಿರಲಿಲ್ಲ. ಪೆಟ್ಟು ತಿಂದದ್ದು ಅದರ ಸುತ್ತ ಇದ್ದ ಸಂಘ, ಸಮಾನತೆ, ಆರೋಗ್ಯ ವಿಮೆ, ಶಾಂತಿ ಎನ್ನುತ್ತಿದ್ದ ದೊಡ್ಡ ವಲಯ.

ದೇಶದ ಭದ್ರತೆಗಾದರೂ ಒಳ್ಳೆಯದಾಯಿತೇ? ಕ್ಯಾಲ್‌ಟೆಕ್‌ನ ರಾಕೆಟ್ ವಿಜ್ಞಾನಿ ಚಿಯೆನ್ ಶ್ವೆಸೆನ್ ಅವರ ಕಥೆ ನೋಡಿ. ಚೀನಾದಿಂದ 1935ರಲ್ಲಿ ಓದಲು ಬಂದವರು. ಯುದ್ಧ ಮುಗಿದಾಗ ಅಮೆರಿಕದ ಸೇನೆಯ ಪರವಾಗಿ ಜರ್ಮನಿಗೆ ಹೋಗಿ ಹಿಟ್ಲರನ ರಾಕೆಟ್ ತಜ್ಞರನ್ನು ವಿಚಾರಿಸಿದ್ದರು. 1930ರ ದಶಕದಲ್ಲಿ ಕಮ್ಯುನಿಸ್ಟ್ ಸಭೆಗಳಿಗೆ ಹೋಗಿದ್ದರು ಎಂಬ ಆರೋಪದ ಮೇಲೆ 1950ರಲ್ಲಿ ಅವರ ಭದ್ರತಾ ಅನುಮತಿ ಕಿತ್ತುಕೊಂಡರು. ಬೇಸರದಿಂದ ಊರಿಗೆ ಹೊರಟರೆ ಹಿಡಿದು ಕೂಡಿ ಹಾಕಿದರು. ಐದು ವರ್ಷ ಕಣ್ಗಾವಲಿನಲ್ಲಿಟ್ಟು 1955ರಲ್ಲಿ ಚೀನಾಕ್ಕೆ ಕಳಿಸಿದರು. ಚೀನಾದ ಕ್ಷಿಪಣಿ, ಉಪಗ್ರಹ ಯೋಜನೆಯ ಪಿತಾಮಹ ಅಂತ ಈಗ ಕರೆಯುವುದು ಅವರನ್ನೇ. ಈ ದೇಶ ಮಾಡಿದ ಅತ್ಯಂತ ಮೂರ್ಖ ಕೆಲಸ ಇದು ಎಂದು ಅಮೆರಿಕದ ನೌಕಾ ಇಲಾಖೆಯ ಡ್ಯಾನ್ ಕಿಂಬಲ್ ಹೇಳಿದ್ದರು. ಚೀನಾದ ಬಗ್ಗೆ ಆಳವಾಗಿ ತಿಳಿದಿದ್ದ ಜಾನ್ ಸರ್ವಿಸ್, ಜಾನ್ ಪ್ಯಾಟನ್ ಡೇವಿಸ್‌ರಂಥ ರಾಜತಾಂತ್ರಿಕರನ್ನೂ ಇದೇ ಕಾಲದಲ್ಲಿ ಓಡಿಸಿದರು. ವಿಯೆಟ್ನಾಂ ಯುದ್ಧಕ್ಕೆ ಇಳಿದಾಗ ಏಷ್ಯಾ ಬಲ್ಲವರು ನಮ್ಮ ಬಳಿ ಇರಲಿಲ್ಲ ಎಂದು ಆ ಯುದ್ಧದ ರಕ್ಷಣಾ ಸಚಿವ ಮೆಕ್‌ನಮಾರ ಅವರೇ ಬಹಳ ವರ್ಷಗಳ ನಂತರ ಬರೆದರು.

ಮೆಕಾರ್ಥಿ ಬಗ್ಗೆ ಹೇಳಲು ಅಷ್ಟೇನೂ ಇಲ್ಲ. ವಿದೇಶಾಂಗ ಇಲಾಖೆಯಲ್ಲಿ ಕಮ್ಯುನಿಸ್ಟರು ಇದ್ದಾರೆ ಎಂದು ಪಟ್ಟಿ ಬೀಸಿದರು. ಸಂಖ್ಯೆ ಒಮ್ಮೆ 205, ಒಮ್ಮೆ 57, ಒಮ್ಮೆ 81. ಅವರದೇ ರಿಪಬ್ಲಿಕನ್ ಪಕ್ಷದ ಮಾರ್ಗರೆಟ್ ಚೇಸ್ ಸ್ಮಿತ್ 1950ರ ಜೂನ್ 1ರಂದೇ ಸೆನೆಟ್‌ನಲ್ಲಿ ಎದ್ದು ನಿಂತು ಖಂಡಿಸಿದರು. ಆದರೂ ಪಕ್ಷದ ಉಳಿದ ಬಹುತೇಕರು ನಾಲ್ಕು ವರ್ಷ ಸುಮ್ಮನಿದ್ದರು. ಮೆಕಾರ್ಥಿ ಬೈಯುತ್ತಿದ್ದದ್ದು ಡೆಮಾಕ್ರಟರನ್ನು, ಅಲ್ಲಿಯವರೆಗೆ ಪಕ್ಷಕ್ಕೆ ಲಾಭವೇ. 1954ರಲ್ಲಿ ಸೇನೆಯ ಮೇಲೆ ಬಿದ್ದಾಗ ಲೆಕ್ಕ ಬದಲಾಯಿತು. ಡಿಸೆಂಬರ್ 2ರಂದು ಸೆನೆಟ್ 67–22 ಮತಗಳಿಂದ ಖಂಡನಾ ನಿರ್ಣಯ ಮಾಡಿತು. ಖಂಡಿಸಿದ್ದು ಸಹ ಸೆನೆಟರ್‌ಗಳ ಜೊತೆಗಿನ ನಡವಳಿಕೆಗೆ. ಕೆಲಸ ಕಳೆದುಕೊಂಡ ನೌಕರರ ಮಾತು ಅದರಲ್ಲಿ ಇರಲಿಲ್ಲ. ಯಂತ್ರ ನಿಧಾನವಾದದ್ದು 1957ರ ಜೂನ್ 17ರಂದು ಸುಪ್ರೀಂ ಕೋರ್ಟ್ ಒಂದೇ ದಿನ ಕೊಟ್ಟ ನಾಲ್ಕು ತೀರ್ಪುಗಳಿಂದ. ಕಪ್ಪುಪಟ್ಟಿಯ ವ್ಯಾಪಾರ ಮಾಡುತ್ತಿದ್ದವರ ಮೇಲೆ ರೇಡಿಯೋ ಕಲಾವಿದ ಜಾನ್ ಹೆನ್ರಿ ಫಾಕ್ ಹೂಡಿದ ಮೊಕದ್ದಮೆ 1962ರಲ್ಲಿ ಗೆದ್ದಿತು. ಅಮೆರಿಕ-ವಿರೋಧಿ ಚಟುವಟಿಕೆಗಳ ಸಮಿತಿ ಮುಚ್ಚಿದ್ದು 1975ರಲ್ಲಿ.

ಸ್ಟಾಲಿನ್ ಲಕ್ಷಾಂತರ ಜನರನ್ನು ಕೊಲ್ಲಿಸಿದ, ಇಲ್ಲಿ ಹೋದದ್ದು ಬರೀ ಕೆಲಸ ಅಲ್ಲವೇ ಎಂದು ಕೇಳುವವರಿದ್ದಾರೆ. ವ್ಯತ್ಯಾಸ ದೊಡ್ಡದು, ನಿಜ. ಆದರೆ ಚುನಾವಣೆ, ಪತ್ರಿಕೆ, ಕೋರ್ಟ್ ಎಲ್ಲ ಇರುವ ದೇಶದಲ್ಲಿ ಜನರನ್ನು ಸುಮ್ಮನಾಗಿಸಲು ಗುಂಡು ಬೇಕಾಗಿಲ್ಲ ಎನ್ನುವುದನ್ನು ಆ ದಶಕ ತೋರಿಸಿತು. ತಿಂಗಳ ಸಂಬಳ ಸಾಕು.

ನಮ್ಮಲ್ಲೂ ಇದೇ ತರ್ಕ ನಡೆದಿದೆ. 1949ರಲ್ಲಿ ರೈಲ್ವೆಗೆ ರಾಷ್ಟ್ರೀಯ ಭದ್ರತೆಯ ನಿಯಮಗಳು ಬಂದವು. ಕಮ್ಯುನಿಸ್ಟರು, ಮುಷ್ಕರಕ್ಕೆ ಸಂಚು ಮಾಡುತ್ತಿದ್ದಾರೆ ಎಂದು ಕೆಲವು ನೌಕರರನ್ನು ತೆಗೆದರು. ಬಾಲಕೋಟಯ್ಯ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ 1957ರ ಡಿಸೆಂಬರ್‌ನಲ್ಲಿ ಕೊಟ್ಟ ತೀರ್ಪು ಬೇಲಿ ಪ್ರಕರಣದ ತಮ್ಮನಂತಿದೆ: ನೀವು ಕಮ್ಯುನಿಸ್ಟರಾಗಿಯೇ ಇರಬಹುದು, ಅದನ್ನು ಯಾರೂ ತಡೆದಿಲ್ಲ, ಸರ್ಕಾರಿ ಕೆಲಸದಲ್ಲಿ ಮುಂದುವರಿಯುವ ಮೂಲಭೂತ ಹಕ್ಕು ಮಾತ್ರ ನಿಮಗಿಲ್ಲ. 1983ರಲ್ಲಿ ಗಾಳಿ ಬದಲಾಯಿತು. ಮಧ್ಯಪ್ರದೇಶದ ಒಬ್ಬ ಮೇಷ್ಟ್ರನ್ನು ಹಿಂದೆ ಆರೆಸ್ಸೆಸ್, ಜನಸಂಘದ ಚಟುವಟಿಕೆಯಲ್ಲಿ ಇದ್ದರು ಎಂಬ ಪೊಲೀಸ್ ವರದಿ ಹಿಡಿದು ತೆಗೆದಿದ್ದರು. ಹಿಂದುಳಿದ ವರ್ಗಗಳ ಆಯೋಗದಿಂದ ಕರ್ನಾಟಕದವರಿಗೆ ಪರಿಚಿತರಾದ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಆ ಆದೇಶವನ್ನು ಒಪ್ಪಲಿಲ್ಲ. ದೇವದೂತರು ಮಾತ್ರ ಕಾಲಿಡಬೇಕಾದ ಸ್ವರ್ಗವೇ ಸರ್ಕಾರಿ ನೌಕರಿ ಎಂದು ಕೇಳಿದರು. ಒಮ್ಮೆ ಕೆಂಪು ಬಾವುಟದವರು, ಇನ್ನೊಮ್ಮೆ ಕೇಸರಿಯವರು. ಪೊಲೀಸ್ ವರದಿಗೆ ಬಣ್ಣ ಮುಖ್ಯವಲ್ಲ.

ಅಮೆರಿಕದಲ್ಲಿ ಆ ಕಾಲದ ಕಾನೂನುಗಳಲ್ಲಿ ಇನ್ನೂ ಗಟ್ಟಿಯಾಗಿರುವುದು ವಲಸೆ ಕಾನೂನು. 1952ರ ಕಾಯ್ದೆಯನ್ನು ಟ್ರೂಮನ್ ತಡೆದರು, ಸಂಸತ್ತು ಅವರನ್ನು ಮೀರಿ ಜಾರಿ ಮಾಡಿತು. ಇಂದಿಗೂ ಗ್ರೀನ್ ಕಾರ್ಡ್, ಪೌರತ್ವದ ಅರ್ಜಿಗಳು ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿದ್ದಿರೇ ಎಂದು ಕೇಳುತ್ತವೆ. ಕೇರಳದಲ್ಲಿ, ಬಂಗಾಳದಲ್ಲಿ ಮತ ಪಡೆದು ಸರ್ಕಾರ ನಡೆಸಿದ ಪಕ್ಷ ನಮಗೆ ಎಲ್ಲ ಪಕ್ಷಗಳಂತೆ ಒಂದು ಪಕ್ಷ. ಆದರೆ ಕಾಲೇಜಿನ ದಿನಗಳಲ್ಲಿ ಅದರ ಸದಸ್ಯತ್ವ ತೆಗೆದುಕೊಂಡಿದ್ದ ಬೆಂಗಳೂರಿನ ಎಂಜಿನಿಯರ್ ಈ ಕಾಲಂ ತುಂಬುವ ಮೊದಲು ವಕೀಲರನ್ನು ನೋಡಬೇಕಾಗುತ್ತದೆ. 2025ರ ಮಾರ್ಚ್‌ನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ಯಾಲೆಸ್ಟೀನ್ ಪರ ಹೋರಾಟಗಾರ ಮಹಮೂದ್ ಖಲೀಲ್ ಅವರನ್ನು ಬಂಧಿಸಿದಾಗ ಸರ್ಕಾರ ಹಿಡಿದದ್ದು ಇದೇ ಕಾಯ್ದೆಯ, ಆಮೇಲೆ ತಿದ್ದುಪಡಿಯಾದ ಒಂದು ಕಲಮನ್ನು. ಕಾನೂನುಬದ್ಧ ಮಾತಿಗೂ ಗಡೀಪಾರು ಸಾಧ್ಯ ಎನ್ನುತ್ತದೆ ಅದು. ಜೂನ್‌ನಲ್ಲಿ ವಿದ್ಯಾರ್ಥಿ ವೀಸಾ ಕೇಳುವವರು ತಮ್ಮ ಸೋಷಿಯಲ್ ಮೀಡಿಯಾ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ಇಡಬೇಕು ಎಂಬ ಸೂಚನೆ ಬಂತು. ಆಗಸ್ಟ್‌ನಲ್ಲಿ ವಲಸೆ ಇಲಾಖೆ, ಅಮೆರಿಕ-ವಿರೋಧಿ ಅಭಿಪ್ರಾಯಗಳನ್ನೂ ನೋಡುತ್ತೇವೆ ಎಂದಿತು. ಡಿಸೆಂಬರ್‌ನಲ್ಲಿ ಖಾತೆ ತಪಾಸಣೆ ಎಚ್-1ಬಿಗೂ ಬಂತು. ರಜೆಗೆ ಊರಿಗೆ ಬಂದಿದ್ದ ಎಷ್ಟೋ ಜನರ ಸಂದರ್ಶನ ತಿಂಗಳುಗಟ್ಟಲೆ ಮುಂದಕ್ಕೆ ಹೋಯಿತು.

ಅಮೆರಿಕ-ವಿರೋಧಿ ಎಂದರೆ ಏನು ಎನ್ನುವುದನ್ನು ಅಧಿಕಾರಿಯ ವಿವೇಚನೆಗೆ ಬಿಟ್ಟಾಗ, ಅರ್ಜಿದಾರ ತಾನೇ ತನ್ನ ಹಳೆಯ ಪೋಸ್ಟುಗಳನ್ನು ಅಳಿಸುತ್ತಾ ಕೂರುತ್ತಾನೆ. ಯಾರೂ ಅಳಿಸು ಎಂದು ಹೇಳಿರುವುದಿಲ್ಲ. ಕೋರ್ಟಿನ ಬಾಗಿಲೂ ಹೆಚ್ಚು ತೆರೆದಿಲ್ಲ. ಬೆಲ್ಜಿಯಂನ ಮಾರ್ಕ್ಸ್‌ವಾದಿ ಅರ್ಥಶಾಸ್ತ್ರಜ್ಞ ಅರ್ನೆಸ್ಟ್ ಮ್ಯಾಂಡೆಲ್‌ಗೆ ವೀಸಾ ನಿರಾಕರಿಸಿದ್ದು ಸರಿಯೇ ಎಂಬ ಪ್ರಶ್ನೆ 1972ರಲ್ಲಿ ಸುಪ್ರೀಂ ಕೋರ್ಟಿಗೆ ಬಂದಿತ್ತು. ಸರ್ಕಾರ ಮೇಲ್ನೋಟಕ್ಕೆ ಸರಿಯೆನಿಸುವ ಒಂದು ಕಾರಣ ಕೊಟ್ಟರೆ ಅದರ ಹಿಂದೆ ನಾವು ಇಣುಕುವುದಿಲ್ಲ ಎಂದು ಕೋರ್ಟ್ ಹೇಳಿತು. ವೀಸಾ ನಿರಾಕರಣೆಯ ಪ್ರಶ್ನೆ ಬಂದಾಗ ಅಲ್ಲಿನ ಕೋರ್ಟುಗಳು ಇವತ್ತೂ ಮೊದಲು ತೆಗೆದು ನೋಡುವುದು ಆ ತೀರ್ಪನ್ನೇ.